ಬೋರಯ್ಯನ ಹೊಟ್ಟೆ ನಲವತ್ತಾರು

ಹೊಳಲ್ಕೆರೆಯ ಟೈಲರ್ ಜಬೀವುಲ್ಲಾನ ಫೋನ್ ನಂಬರನ್ನು ಯಾರೋ ಮಾರಿದ್ದರು.

ಯಾರು, ಯಾರಿಗೆ ಎಂದು ಅವನಿಗೆ ಯಾರೂ ತಿಳಿಸಲಿಲ್ಲ. ಅಂಗಡಿಯ ಬಾಗಿಲೆತ್ತಿದರೆ ಸಾಕು, ಸಾಲ ಬೇಕೆ, ಸೈಟು ಬೇಕೆ, ಸತ್ತರೆ ಹೆಂಡತಿಗೆ ಸಿಗುವ ವಿಮೆ ಬೇಕೆ ಎಂದು ಫೋನು ಒದರತೊಡಗುತ್ತಿತ್ತು. ಅಂದು ಹತ್ತು ಗಂಟೆಯೊಳಗೆ ಕತ್ತರಿ ಎರಡು ಸಲ ಗೆರೆ ತಪ್ಪಿ, ಅಂಗಿಯೊಂದರ ತೋಳು ಹಲ್ಲಿಯ ಬಾಲದಂತೆ ಮೊಟಕಾಯಿತು.

ಪಕ್ಕದ ಮೊಬೈಲ್ ಅಂಗಡಿಯ ಪರಮೇಶ್ ಉಪಾಯ ಹೇಳಿದ. ಕರೆ ಮಾಡಿದವರ ಹೆಸರು ತೋರಿಸುವ ಆಪ್ ಇದೆಯಂತೆ; ಊರಿನ ಅರ್ಧ ಫೋನುಗಳಲ್ಲಿ ಆಗಲೇ ಇದೆಯಂತೆ.

"ಪುಕ್ಸಟ್ಟೆ ಐತೆ ಜಬಿಯಣ್ಣ. ಅದು ಏನ್ ಕೇಳಿದ್ರೂ ಹ್ಞೂಂ ಅಂತ ಒತ್ತು."

ಜಬೀವುಲ್ಲಾ ಏಳು ಸಲ ಹ್ಞೂಂ ಎಂದು ಒತ್ತಿದ. ನಿಕಾಹ್‌ನಲ್ಲೂ ಅವನು ಮೂರೇ ಸಲ ಒಪ್ಪಿದ್ದ.

ಆಪ್ ಕೇಳಿದ್ದು ಅವನ ಫೋನಿನಲ್ಲಿದ್ದ ಅಷ್ಟೂ ಹೆಸರುಗಳನ್ನು. ಅಳತೆ ಪುಸ್ತಕವನ್ನು ಇಲಿ ತಿಂದಾಗಿನಿಂದ ಅವನು ಗಿರಾಕಿಯ ಹೆಸರಿನ ಪಕ್ಕದಲ್ಲೇ ಅಳತೆಯನ್ನೂ ಬರೆದಿಡುತ್ತಿದ್ದ. 'ಹಳೇ ಅಳತೆಗೇ ಹೊಲಿ' ಎಂದು ಗಿರಾಕಿ ಫೋನು ಮಾಡಿದರೆ ಅಂಕಿ ಕಣ್ಣೆದುರಿಗೇ ಬರುತ್ತಿತ್ತು. ಅಪ್ಪನ ಕಾಲದಿಂದಲೂ ಒಬ್ಬರ ಸೊಂಟದ ಸುದ್ದಿ ಇನ್ನೊಬ್ಬರಿಗೆ ಆ ಅಂಗಡಿಯಿಂದ ಹೋಗಿರಲಿಲ್ಲ. ಅಂಗಡಿ ನಿಂತಿದ್ದೇ ಆ ನಂಬಿಕೆಯ ಮೇಲೆ.

ಮಧ್ಯಾಹ್ನ ಮೊದಲು ಬಂದವನು ಡೇರಿ ಅಧ್ಯಕ್ಷ ಬೋರಯ್ಯ. ದಿನಾ ವಾಕಿಂಗ್ ಮಾಡಿ ಹೊಟ್ಟೆಯನ್ನು ಮೂವತ್ತೆಂಟಕ್ಕೆ ಇಳಿಸಿದ್ದೇನೆಂದು ಊರಿಗೆಲ್ಲ ಸಾರಿದ್ದವನು. ಚಿತ್ರದುರ್ಗದ ಡೇರಿ ಸಾಹೇಬರಿಗೆ ಫೋನು ಮಾಡಿದರೆ, ಅದೇ ಆಪ್ ಇದ್ದ ಅವರ ಫೋನಿನಲ್ಲಿ ಜಬೀವುಲ್ಲಾ ಬರೆದಿಟ್ಟಿದ್ದಂತೆಯೇ 'ಬೋರಯ್ಯ ಹೊಟ್ಟೆ 46' ಎಂದು ಮೂಡಿತ್ತು. ಸಾಹೇಬರು 'ಹೇಳ್ರಿ ನಲವತ್ತಾರು' ಎಂದೇ ಮಾತು ಶುರುಮಾಡಿದರಂತೆ.

"ಲೇ ಜಬಿ, ನನ್ ಹೊಟ್ಟೆ ದುರ್ಗದ ತನಕ ಹೆಂಗ್ಲೇ ಹೋತು?"

ಅವನ ಹಿಂದೆಯೇ ಮೀನಾಕ್ಷಿ ಟೀಚರ್. ಫೋನು ಮಾಡಿದರೆ ಶಾಲೆಮಕ್ಕಳ ಮನೆಗಳಿಗೆ ಅವರೀಗ 'ತೋಳು 15'. ಟೀಚರ್ ಬೈಯಲಿಲ್ಲ, ಹೊಲಿಯಲು ಕೊಟ್ಟ ಬಟ್ಟೆಯನ್ನು ವಾಪಸ್ ಕೇಳಿದರು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಜಬೀವುಲ್ಲಾ ಆಪ್ ಅಳಿಸಿದ. ಪರಮೇಶ್ ಹುಡುಕಿಕೊಟ್ಟ ಆಪ್ ಕಂಪನಿಯ ನಂಬರಿಗೆ ಫೋನು ಮಾಡಿ ಹೆಸರುಗಳನ್ನು ತೆಗೆಯಿರೆಂದು ಬೇಡಿದ. ಪ್ರತಿಯೊಬ್ಬರೂ ತಮ್ಮ ನಂಬರು, ವಿಳಾಸ, ಹುಟ್ಟಿದ ತಾರೀಕು ಕೊಟ್ಟು ಅರ್ಜಿ ಹಾಕಬೇಕೆಂದು ಅತ್ತಲಿನ ಹುಡುಗಿ ಮಧುರವಾಗಿ ಹೇಳಿದಳು. ಕದ್ದ ಕೋಳಿ ವಾಪಸ್ ಬೇಕಾದರೆ ಗೂಡಿನ ಬೀಗದ ಕೈಯನ್ನೂ ಕೊಡಿ ಎಂದಂತಿತ್ತು.

ಸಂಜೆಗೆ ಅಂಗಡಿ ಮುಂದೆ ಇಪ್ಪತ್ತು ಜನ ಸೇರಿದ್ದರು. ಬೈಗುಳ ಇನ್ನೂ ಅರ್ಧದಲ್ಲಿತ್ತು. ಅವರ ಫೋನುಗಳು ಒಂದಾದ ಮೇಲೊಂದು ಬಡಿದುಕೊಂಡವು. ಯಾವುದೋ ರೆಡಿಮೇಡ್ ಕಂಪನಿ. ನಿಮ್ಮ ಅಳತೆ ನಮ್ಮಲ್ಲಿದೆ, ಟೈಲರ್ ಹತ್ತಿರ ಅಲೆಯಬೇಡಿ, ನಾಳೆಯೇ ಬಟ್ಟೆ ಮನೆಗೆ ಬರುತ್ತದೆ.

"ನಾಳೆ ಅಂದ್ರೆ ನಾಳೇನೇ ಏನಮ್ಮ?" ಎಂದು ಕೇಳಿದ ಬೋರಯ್ಯನ ದನಿ ಮೆತ್ತಗಾಗಿತ್ತು. ಜಬೀವುಲ್ಲಾನ 'ನಾಳೆ'ಗೆ ಹದಿನೈದು ದಿನ ಹಿಡಿಯುತ್ತಿತ್ತು. ಟೀಚರ್ ಕೂಡ ವಿಳಾಸ ಹೇಳತೊಡಗಿದರು.

ಕೊನೆಗೆ ಜಬೀವುಲ್ಲಾನ ಫೋನು ಹೊಡೆದುಕೊಂಡಿತು. ಎತ್ತುವಾಗ ಕೈ ತಾಗಿ ಸ್ಪೀಕರ್ ಆನ್ ಆಯಿತು.

"ಸರ್, ನಿಮ್ಮ ಗಿರಾಕಿಗಳದ್ದೆಲ್ಲ ಸಿಕ್ಕಿದೆ. ನಿಮ್ಮ ಅಳತೆ ಮಾತ್ರ ಇಲ್ಲ. ಸೊಂಟ ಎಷ್ಟು ಹೇಳ್ತೀರಾ?"

ಸುತ್ತಲಿದ್ದವರು ತಮ್ಮ ಫೋನುಗಳನ್ನು ಕಿವಿಯಿಂದ ಇಳಿಸಿದರು.

"ಹೇಳ್ಲೇ ಜಬಿ," ಎಂದ ಬೋರಯ್ಯ. "ನಾವೂ ಕೇಳಾಣ."

ಜಬೀವುಲ್ಲಾ ಕೊರಳಲ್ಲಿದ್ದ ಟೇಪನ್ನು ನಿಧಾನವಾಗಿ ಸುತ್ತಿ ಜೇಬಿಗಿಟ್ಟುಕೊಂಡ.

"ಹೇಳಲ್ಲ," ಎಂದ.