ನಾದಿನಿಯ ಗಂಟಲು

ಸಂಗೀತದ ಗಂಧವೇ ಇಲ್ಲದವನು ಮದರಾಸಿನಲ್ಲಿ ಮರ್ಯಾದೆಯಿಂದ ಬದುಕುವುದು ಸುಲಭವಲ್ಲ. ಇಲ್ಲಿ ತರಕಾರಿ ಕೊಳ್ಳಲು ನಿಂತವರೂ ರಾಗದ ವಿಷಯಕ್ಕೆ ಜಗಳವಾಡುತ್ತಾರೆ. ನಾನು ಕಣ್ಣು ಮುಚ್ಚಿ ತಲೆಯಾಡಿಸುವುದನ್ನು ಅಭ್ಯಾಸ ಮಾಡಿಕೊಂಡು ಹೇಗೋ ಕಾಲ ಹಾಕುತ್ತಿದ್ದೆ. ಆದರೆ ನನ್ನ ಹೆಂಡತಿಯ ತಂಗಿ ವಸುಧಾ ಹಾಡಿದರೆ ಕಣ್ಣು ಮುಚ್ಚಿದರೆ ಸಾಲದು, ಕಿವಿಯನ್ನೂ ಮುಚ್ಚಬೇಕಿತ್ತು.

ಅವಳದು ಪಂಕ್ ರಾಕ್, ಗಿಟಾರು ಡ್ರಮ್ಮುಗಳ ಅಬ್ಬರದ ಮೇಲೆ ಕಿರುಚುವ ಹಾಡು. ತೊಂಬತ್ತರ ದಶಕದ ಕೊನೆಯಲ್ಲಿ ಗಿಂಡಿ ಕಡೆಯ ಕಾಲೇಜುಗಳ ಹುಡುಗರೆಲ್ಲ ಅವಳ ತಂಡ ಬಂದರೆ ಕುಣಿಯುತ್ತಿದ್ದರು. ಅಭ್ಯಾಸ ಮಾತ್ರ ತ್ರಿಪ್ಲಿಕೇನಿನಲ್ಲಿ, ನಮ್ಮ ಮಾವನವರ ಮನೆಯ ಮಹಡಿಯಲ್ಲಿ. ಡ್ರಮ್ಮಿನ ಬಡಿತಕ್ಕೆ ದೇವರ ಮುಂದಿನ ದೀಪ ನಡುಗುತ್ತದೆ ಎಂದು ಅತ್ತೆಯ ದೂರು. ಮಾವ ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು, ಸದ್ದು ಅವರಿಗೆ ಹೊಸದಲ್ಲ. ಆದರೂ "ಇವಳು ಹಾಡ್ತಾಳೋ, ಯಾರನ್ನಾದ್ರೂ ಬೈತಾಳೋ, ಒಂದೂ ತಿಳಿಯಲ್ಲ" ಎನ್ನುತ್ತಾ ಮರೀನಾ ಬೀಚಿಗೆ ಹೊರಟುಬಿಡುತ್ತಿದ್ದರು. ಮಗಳ ಒಂದು ಕಾರ್ಯಕ್ರಮಕ್ಕೂ ಹೋಗಲಿಲ್ಲ. ಅವಳೂ ಕರೆಯುವುದನ್ನು ಬಿಟ್ಟಳು.

ಒಂದು ದಿನ ವೇದಿಕೆಯ ಮೇಲೆಯೇ ಅವಳ ಸ್ವರ ನಿಂತುಹೋಯಿತು. ಕೆಲವು ತಿಂಗಳು ಪಿಸುಮಾತೂ ಕೂಡದು, ಮತ್ತೆ ಕಿರುಚಿದರೆ ಮಾತೇ ಹೋದೀತು ಎಂದರು ಡಾಕ್ಟರು. ತಂಡದವರು ಬೇರೆ ಗಾಯಕನನ್ನು ಹುಡುಕಿಕೊಂಡರು. ನಾನು ಹಾರೈಸಿದ್ದ ನಿಶ್ಶಬ್ದವೇ ಮನೆಗೆ ಬಂದಿತ್ತು, ಆದರೆ ಅಲ್ಲಿ ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ವಸುಧಾ ಮಾತ್ರ ಗೆಳತಿ ಕೊಟ್ಟ ಅಮೆರಿಕದ ಹಳ್ಳಿಹಾಡುಗಳ ಕ್ಯಾಸೆಟ್ಟು ಕೇಳುತ್ತಾ, ಕರೆಂಟಿನ ಹಂಗಿಲ್ಲದ ಮರದ ಗಿಟಾರನ್ನು ಮೀಟುತ್ತಾ ಕೂತಿರುತ್ತಿದ್ದಳು. ಕೊನೆಗೆ ಸ್ವರ ಮರಳಿತು, ತುಸು ಒಡೆದು. ಆ ಗಿಟಾರಿನ ಜೊತೆ ತಗ್ಗಿದ ದನಿಯಲ್ಲಿ ಹಾಡತೊಡಗಿದಳು.

"ಇದೇನು ವಸು, ಇಷ್ಟು ಮೆಲ್ಲಗೆ?" ಎಂದೆ.

"ಕಿರುಚೋಕೆ ಭಯ ಇರ್ಲಿಲ್ಲ ಭಾವ. ಇದಕ್ಕೇ ಭಯ. ಎಲ್ಲಾ ಕೇಳಿಸಿಬಿಡತ್ತೆ."

ನುಂಗಂಬಾಕ್ಕಂನ ಒಂದು ಸಣ್ಣ ಹಾಲಿನಲ್ಲಿ ಅವಳ ಹೊಸ ಹಾಡುಗಳ ಕಾರ್ಯಕ್ರಮ ನಿಗದಿಯಾಯಿತು. "ಅಪ್ಪಾ, ಬರ್ತೀರಾ?" ಎಂದಳು. ಮಾವ ಪೇಪರಿನಿಂದ ತಲೆಯೆತ್ತದೆ, "ಕಿವಿಗೆ ಹತ್ತಿ ತರಬೇಕಾ?" ಎಂದರು. "ವೇಂಡಾಂ ಪಾ, ಹತ್ತಿ ಬೇಡ" ಎಂದಳು. ಆ ದಿನ ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತರು.

ಹಾಡು ಇಂಗ್ಲಿಷಿನದು, ಅವಳೇ ಕಟ್ಟಿದ್ದು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬನೇ ಕೂತ ಗಾರ್ಡು, ಹಬ್ಬದ ದಿನ ಮನೆಯಲ್ಲಿ ಅವನಿಗಾಗಿ ಮುಚ್ಚಿಟ್ಟ ಎಲೆ, ಅದರ ಪಕ್ಕ ಕಾಯುತ್ತಾ ನಿದ್ದೆಹೋದ ಮಗಳು. ಆ ಒಡಕು ದನಿ ನನ್ನ ಎದೆಯೊಳಗೆ ನೇರ ಇಳಿಯಿತು. ಇಷ್ಟು ವರ್ಷ ಈ ಹುಡುಗಿ ಆ ಗದ್ದಲದಡಿ ಇದನ್ನು ಎಲ್ಲಿ ಇಟ್ಟುಕೊಂಡಿದ್ದಳೋ ಎಂದು ಬೆರಗಾದೆ. ಹಾಡು ಮುಗಿಯಿತು. ಮಾವ ಮನೆಯಲ್ಲಿ ಮಾತಾಡುವ ಹಾಗೆ, "ಇನ್ನೊಂದ್ಸಲ ಹಾಡಮ್ಮ" ಎಂದರು. ಅವಳು ಕಣ್ಣೊರೆಸಿಕೊಂಡು ಮತ್ತೆ ಹಾಡಿದಳು.

ಹೊರಗೆ ಬಂದ ಮೇಲೆ ಅವಳಿಗೆ ಏನಾದರೂ ದೊಡ್ಡ ಮಾತು ಹೇಳಬೇಕೆನಿಸಿತು. ಬಹಳ ತಡಕಾಡಿದೆ. ಬಾಯಿಂದ ಬಂದದ್ದು, "ಮೈಕು ತುಂಬಾ ಚೆನ್ನಾಗಿತ್ತು ವಸು."

"ಮೈಕೇ ಇರ್ಲಿಲ್ವಲ್ಲ ಭಾವ."

ಮಾವ ನನ್ನನ್ನು ಕನಿಕರದಿಂದ ನೋಡಿ, "ನೀವು ಹೋಗಿ ಒಂದು ಆಟೋ ಕರೀರಿ" ಎಂದರು, ಅಷ್ಟಾದರೂ ಅಳಿಯನಿಗೆ ಬಂದೀತು ಎಂಬ ನಂಬಿಕೆಯಿಂದ.