ಭಂಗಿಯಿಲ್ಲದ ಕೋಕೋ ಕೇಕು

ಧೈರ್ಯವಂತರ ಪೈಕಿ ನಾನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದುಬೈಗೆ ಬಂದು ಹತ್ತೊಂಬತ್ತು ವರ್ಷವಾಯಿತು. ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲದಿದ್ದರೂ ಹಸಿರು ದೀಪ ಬರುವ ತನಕ ನಿಂತೇ ಇರುತ್ತೇನೆ. ಒಮ್ಮೆ ಊರಿಂದ ಬರುವಾಗ ಅವ್ವ ಕಟ್ಟಿಕೊಟ್ಟ ಉಂಡಿಗಳಲ್ಲಿ ಗಸಗಸೆ ಇರಬಹುದೆಂದು ಅನುಮಾನ ಬಂತು. ಗಸಗಸೆಯನ್ನು ಇಲ್ಲಿಗೆ ತರುವಂತಿಲ್ಲ. ಎಸೆಯಲು ಮನಸ್ಸಾಗದೆ ಹನ್ನೆರಡು ಉಂಡಿಗಳನ್ನೂ ವಿಮಾನ ನಿಲ್ದಾಣದ ಬಾಗಿಲಲ್ಲೇ ನಿಂತು ತಿಂದೆ. ಆಮೇಲೆ ವಿಮಾನದಲ್ಲಿ ಏನಾಯಿತೆಂದು ಬರೆಯುವುದಿಲ್ಲ.

ಇಂಥವನ ಫೋನಿಗೆ ನನ್ನ ಹೆಂಡತಿ ಸುಧಾಳ ತಮ್ಮ ಗಿರೀಶ ಕೆನಡಾದಿಂದ ಒಂದು ವಿಡಿಯೊ ಕಳಿಸಿದ. ಭಂಗಿಸೊಪ್ಪು ಬೆರೆಸಿದ ಕೋಕೋ ಮಾಡಿಕೊಂಡು ಮನೆಯಲ್ಲೇ ಕೇಕು ಬೇಯಿಸುವ ವಿಧಾನ. ಅಲ್ಲಿ ಭಂಗಿ ಅಂಗಡಿಯಲ್ಲೇ ಸಿಗುತ್ತದಂತೆ. ಸುಧಾಳ ಕ್ಯಾನ್ಸರು ಆಗ ಮೂಳೆಗೆ ಇಳಿದಿತ್ತು. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. "ಭಾವಾ, ಅಕ್ಕಗ ಒಂದ್ ತುಣುಕು ಸಾಕು, ನೋವು ಮರೀತಾಳ," ಎಂದ ಗಿರೀಶ. "ಖಲಾಸ್! ಮತ್ತ ಈ ಮಾತು ಎತ್ತಬ್ಯಾಡ," ಎಂದು ವಿಡಿಯೊ ಅಳಿಸಿದೆ. ಅಷ್ಟು ಸಾಲದೆಂದು ಫೋನನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅಷ್ಟರಲ್ಲಿ ಸುಧಾ ನೋಡಿಬಿಟ್ಟಿದ್ದಳು. "ನಮ್ಮಜ್ಜ ಹೋಳಿ ಹುಣ್ಣಿಮಿಗೆ ಭಂಗಿ ಕುಡದು ಎಮ್ಮಿಗೆ ಕೈ ಮುಗೀತಿದ್ದ," ಎಂದು ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಆಮೇಲೆ ಮೆಲ್ಲಗೆ ಕೇಳಿದಳು: "ಖರೇನ ನೋವು ಹೋಗತದೇನ್ರಿ?"

ಆ ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಭಂಗಿ ತರುವ ಎದೆಯಂತೂ ಇಲ್ಲ. ನೈಫ್ ಪೇಟೆಗೆ ಹೋಗಿ ಕೋಕೋ ಪುಡಿಯನ್ನೂ, ನೋಡಲು ಭಂಗಿಯ ಹಾಗೇ ಕಾಣುವ ಒಣ ಮೆಂತ್ಯಸೊಪ್ಪು ಕಸೂರಿ ಮೇಥಿಯನ್ನೂ ತಂದೆ. ಮೇಥಿಯನ್ನು ತುಪ್ಪದಲ್ಲಿ ಬಾಡಿಸಿ, ಸೋಸಿ, ಕೋಕೋದಲ್ಲಿ ಕಲಸಿ, ಜೀವನದ ಮೊದಲ ಕೇಕು ಬೇಯಿಸಿದೆ. ಅದು ನಡುವೆ ಕುಸಿದಿತ್ತು. "ಪಪ್ಪಾ, ಇಟ್ ಸ್ಮೆಲ್ಸ್ ಲೈಕ್ ಪನೀರ್," ಎಂದ ಮಗಳು ಇಳಾಳನ್ನು ಆಚೆಗೆ ಅಟ್ಟಿ, ಪರದೆ ಎಳೆದು, "ಹ್ಯಾಂಗೋ ಸಿಕ್ಕಿತು, ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದು ಸುಧಾಳ ಮುಂದೆ ಪ್ಲೇಟು ಹಿಡಿದೆ. ಅವಳು ತಿಂದಳು, ಕಣ್ಣು ಮುಚ್ಚಿದಳು. "ಕಾಲು ಹಗರ ಆದಾಂಗ ಆತ್ರಿ." ಮೂರು ವಾರ ನಾನು ಅಲ್ ಬರ್ಷಾದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಧನ್ವಂತರಿಯ ಹಾಗೆ ಓಡಾಡಿದೆ.

ಆಸ್ಪತ್ರೆಯ ಡಾಕ್ಟರಮ್ಮ ಮಂಗಳೂರಿನವರು. "ನೋವು ಹತ್ತರಲ್ಲಿ ಎಷ್ಟುಂಟು?" ಎಂದು ಕೇಳಿದರು. ಸುಧಾ ನನ್ನನ್ನು ನೋಡಿ, "ಎರಡು," ಎಂದಳು. ಅವರು ಅವಳ ಸೊಂಟವನ್ನು ಮೆಲ್ಲಗೆ ಮುಟ್ಟಿದರು. ಅವಳ ಕಣ್ಣಿಂದ ನೀರು ಇಳಿಯಿತು. "ಎರಡಕ್ಕೆ ಯಾರಾದ್ರೂ ಹೀಗೆ ಅಳ್ತಾರಾ?"

ನನ್ನ ಬಾಯಿ ತಡೆಯಲಿಲ್ಲ. "ಡಾಕ್ಟ್ರೇ, ಅದರಾಗ ಭಂಗಿ ಇಲ್ಲ, ದೇವರಾಣೆ, ಬರೀ ಮೆಂತ್ಯ!"

"ಯಾವುದರಲ್ಲಿ?" ಎಂದರು ಅವರು, ಗೊಂದಲಗೊಂಡು.

ಉತ್ತರ ಕೊಟ್ಟವಳು ಸುಧಾ, ನನ್ನ ಕಡೆ ತಿರುಗಿ. "ಮೆಂತ್ಯ ಅಂತ ಮೊದಲ ತುತ್ತಿಗೇ ಗೊತ್ತಾತು. ಮೂರು ವಾರ ಕೇಕಿನ ಪ್ಲೇಟ್ ಹಿಡಕೊಂಡು ಅಷ್ಟು ಆಸೆಲೆ ನಿಂತಿದ್ರಿ. ನೋವು ಹೋಗಿಲ್ಲ ಅಂತ ಹ್ಯಾಂಗ ಹೇಳ್ಲಿ?"

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಇಬ್ಬರೂ ಪಾಪದವರು ಮಾರಾಯ್ರೇ. ಆದ್ರೆ ಮೂರು ವಾರ ಸುಮ್ಮನೆ ನೋವು ತಿಂದದ್ದು ಯಾರು?" ಎಂದು ಬಲವಾದ ಔಷಧ ಬರೆದುಕೊಟ್ಟರು. ಅದನ್ನು ಮೊದಲೇ ಕೇಳಬಹುದಿತ್ತು. ಕೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ.

ಆ ಔಷಧದಿಂದ ಸುಧಾ ನಿದ್ದೆ ಮಾಡಿದಳು, ಇಳಾಳ ಜಡೆ ಹೆಣೆದಳು, ಇನ್ನೂ ನಾಲ್ಕು ತಿಂಗಳು ನಮ್ಮ ಜೊತೆಗಿದ್ದಳು.

ಈಗ ಪ್ರತಿ ಶನಿವಾರ ನಾನೇ ಕೇಕು ಮಾಡುತ್ತೇನೆ. ಮೊನ್ನೆ ಇಳಾ ತಿಂದು, "ಸೂಪರ್, ಪಪ್ಪಾ," ಎಂದಳು. ಬೇರೆ ಅಪ್ಪಂದಿರು ಖುಷಿಪಡುತ್ತಿದ್ದರೇನೋ. ನಾನು ಚಾಕು ಕೆಳಗಿಟ್ಟು ಅವಳ ಪಕ್ಕ ಕೂತು ಕೇಳಿದೆ: "ಎಲ್ಲಿ ನೋಯ್ತದ, ಹೇಳು."