ಹೂಂಗುಟ್ಟಿದವನು

ಅನರ್ಥಕ್ಕೆಲ್ಲ ಮೂಲವಾದದ್ದು ತೊಟ್ಟಿಯೊಂದರಲ್ಲಿ ಯಾರಿಗೂ ಕಾಣದಂತೆ ಸೇರಿಕೊಂಡಿದ್ದ ಎಣ್ಣೆನೀರು.

ಬಾವಿಯಿಂದ ತೈಲದೊಡನೆ ಮೇಲೇಳುವ ನಿರುಪಯೋಗಿ ಅನಿಲವನ್ನು ಬಯಲಿಗೆ ಬಿಡುವಂತಿಲ್ಲ, ಸುಡಬೇಕು. ಅದಕ್ಕಾಗಿಯೇ ಅಲ್ಲೊಂದು ಉಕ್ಕಿನ ಕೊಳವೆ ನಿಂತಿತ್ತು. ನಾಲ್ಕು ಜನ ಕೈಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ಅದರ ಜ್ವಾಲೆ ಹೊರಗೆ ಕಾಣದು. ಕಡಲೊಳಗಿನ ವಡಬಾಗ್ನಿಯಂತೆ ಒಳಗೊಳಗೇ ಉರಿಯುವುದು. ಅದನ್ನು ಕಾಯುವವನಿಗೆ ಎಲ್ಲರೂ ಇಟ್ಟ ಹೆಸರು ದೀಪಣ್ಣ. ಅವನು ಮನೆಯ ಮುಖ ಕಂಡು ಎಷ್ಟು ಕಾಲವಾಗಿತ್ತೆಂದರೆ, ಹೊಸದಾಗಿ ಮಾತು ಕಲಿತ ಮಗಳು ಫೋನಿನಲ್ಲಿ ಅವನನ್ನು ‘ಮಾಮ’ ಎಂದು ಕರೆಯುತ್ತಿದ್ದಳು. ಈ ದಿನ ಬದಲಿಯವನು ಬರುವವನಿದ್ದ. ಉರಿಯುತ್ತಿರುವ ಯಂತ್ರವನ್ನು ಅವನಿಗೆ ಒಪ್ಪಿಸಿ, ಅವನನ್ನು ತಂದ ವ್ಯಾನಿನಲ್ಲೇ ಊರಿಗೆ ಹೊರಡಬೇಕೆಂದು ದೀಪಣ್ಣ ಬೆಳಗಿನಿಂದ ಬೂಟು ಒರೆಸಿಕೊಂಡು ಮದುಮಗನಂತೆ ಕುಳಿತಿದ್ದ.

ಆಗ ಕೊಳವೆ ನರಳಿತು. ಒಳಗಿನಿಂದ ಯಾರೋ ಗೆಣ್ಣಿನಿಂದ ಬಡಿದಂತೆ ಸದ್ದಾಯಿತು. ಜ್ವಾಲೆ ಆರಿತು, ಅನಿಲದ ಕವಾಟ ತಾನಾಗಿಯೇ ಮುಚ್ಚಿಕೊಂಡಿತು. ಅದುವರೆಗಿದ್ದ ಮೊರೆತ ನಿಂತೊಡನೆ ಬಯಲೆಲ್ಲ ಕಿವಿಗೊಟ್ಟು ಕೇಳುತ್ತಿರುವಂತೆ ತೋರಿತು.

ಗೇಟಿನ ಕಾವಲುಗಾರನೂ ಅಡುಗೆಯವನೂ ಓಡಿಬಂದರು.

“ನಾನು ಹೇಳ್ಲಿಲ್ವಾ ದೀಪಣ್ಣ, ಅದರೊಳಗೆ ಯಾರೋ ಇದಾರೆ,” ಎಂದ ಕಾವಲುಗಾರ.

“ಇದ್ದಿದ್ರೆ ಊಟಕ್ಕೆ ಬರ್ತಿದ್ರು,” ಎಂದ ಅಡುಗೆಯವ.

“ನಿನ್ನ ಅಡುಗೆ ಒಂದ್ಸಲ ಉಂಡವರೇ ಇರ್ಬೇಕು. ಅದಕ್ಕೇ ಹೊರಗೆ ಬರ್ತಿಲ್ಲ.”

ಅಷ್ಟರಲ್ಲಿ ಫೋನಿನಲ್ಲಿ ಮೇಲ್ವಿಚಾರಕರು: “ಉರಿ ಆರಿದ್ದಕ್ಕೆ ಬಾವೀನೂ ನಿಂತುಹೋಗಿದೆ. ಬೇಗ ಹಚ್ಚಪ್ಪ.”

“ಹಚ್ಚೇಬಿಡು ಮಾರಾಯ, ಒಂದು ಗುಂಡಿ ಒತ್ತೋಕೆ ಎಷ್ಟು ಯೋಚನೆ,” ಎಂದು ಕಾವಲುಗಾರನೂ ದನಿಗೂಡಿಸಿದ.

“ಒಳಗೆ ಉಳಿದಿರೋ ಗ್ಯಾಸಿಗೆ ಕಿಡಿ ತಾಗಿದ್ರೆ ನಾವು ಮೂವರೂ ಹಾರ್ಕೊಂಡೇ ಊರು ಸೇರ್ತೀವಿ. ನನಗೆ ವ್ಯಾನಲ್ಲೇ ಹೋಗ್ಬೇಕು.”

ಅನಿಲದೊಡನೆ ಬರುವ ಎಣ್ಣೆನೀರು ಇಳಿದು ನಿಲ್ಲುವ, ಕೊಳವೆಯ ಬುಡದ ತೊಟ್ಟಿಯನ್ನು ದೀಪಣ್ಣ ಪರೀಕ್ಷಿಸಿದ. ಅದು ತುಂಬಿ, ಅನಿಲ ಬರುವ ದಾರಿಗೇ ಎಣ್ಣೆನೀರು ಅಡ್ಡಬಂದು ಉರಿ ಆರಿಸಿತ್ತು. ಅದನ್ನು ಮುಚ್ಚಿದ ಪೀಪಾಯಿಗೆ ಇಳಿಸಿ, ಒಳಗಿನ ಅನಿಲವೆಲ್ಲ ಹೊರಹೋಗಲೆಂದು ಬ್ಲೋವರ್ ಹಾಕಿದ. ಗಾಳಿ ನುಗ್ಗಿದೊಡನೆ ಕೊಳವೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದವನಂತೆ ದೀರ್ಘವಾಗಿ ಉಸಿರೆಳೆಯಿತು. ಗೇಟಿನಲ್ಲಿ ವ್ಯಾನಿನ ಹಾರನ್ ಕೇಳಿ ಕಾವಲುಗಾರ ಅತ್ತ ಓಡಿದ.

ಒಳಗೆ ಕಿಡಿ ಉಳಿದಿದೆಯೋ ಎಂದು ನೋಡಲು ದೀಪಣ್ಣ ಕೊಳವೆಯ ಮೈಯಲ್ಲಿದ್ದ ಇಣುಕುಗಾಜಿಗೆ ಬಾಗಿದ. ಕತ್ತಲೆಯ ಆಚೆಯಿಂದ ಒಂದು ಕಣ್ಣು ಅವನನ್ನು ನೋಡುತ್ತಿತ್ತು. ಅದು ನಿಧಾನವಾಗಿ ರೆಪ್ಪೆ ಬಡಿಯಿತು.

ಅವನು ಹಿಂದಕ್ಕೆ ಬಿದ್ದ ರಭಸಕ್ಕೆ ಹೆಲ್ಮೆಟ್ಟು ಉರುಳಿ ಅಡುಗೆಯವನ ಕಾಲಬುಡಕ್ಕೆ ಹೋಯಿತು.

ವಿಷಯ ಕೇಳಿ ಅಡುಗೆಯವ ನಕ್ಕ. “ಆ ಕಡೆಗೂ ಒಂದು ಗಾಜಿದೆಯಲ್ಲಪ್ಪ. ವ್ಯಾನ್ ಬಂತಲ್ವಾ? ಹೊಸಬ ಬೇಲಿ ಸುತ್ತಿ ಹೋಗಿ ಅಲ್ಲಿಂದ ಇಣುಕ್ತಿದಾನೆ. ಎದ್ದೇಳು, ನಾನು ವ್ಯಾನಿಂದ ಕುಡಿಯೋ ನೀರಿನ ಪೀಪಾಯಿ ಇಳಿಸ್ಕೊಂಡು ಬರ್ತೀನಿ.”

ದೀಪಣ್ಣನಿಗೆ ಹೋದ ಜೀವ ಬಂದಂತಾಯಿತು. ಹಚ್ಚುವ ಹೊತ್ತಿನಲ್ಲಿ ಯಂತ್ರದ ಮುಂದಿನಿಂದ ಕದಲಬಾರದೆಂಬುದು ನಿಯಮ. ಆದುದರಿಂದ ನಿಂತಲ್ಲಿಂದಲೇ ಕೂಗಿ ಹೇಳಿದ:

“ನೋಡ್ಕೋ ತಮ್ಮ, ಮೊದಲು ಗಾಳಿ. ಆಮೇಲೆ ಸಣ್ಣ ಉರಿ. ಅದು ಅಲುಗದೆ ನಿಂತಮೇಲೇ ದೊಡ್ಡದು. ತಿಳೀತಾ?”

“ಹೂಂ,” ಎಂದಿತು ಆಚೆಯ ದನಿ.

“ಉರಿ ನೋಡೋ ಸೆನ್ಸರಿಗೆ ಯಾವತ್ತೂ ಮೋಸ ಮಾಡ್ಬೇಡ. ಮೇಲಿನವರು ಎಷ್ಟೇ ಅವಸರ ಮಾಡ್ಲಿ.”

“ಹೂಂ.”

“ಕಾವಲುಗಾರನ ಮಾತು ನಂಬ್ಬೇಡ. ಅಡುಗೆಯವನ ಊಟಾನೂ.”

“ಹೂಂ.” ಈ ಸಲದ ಹೂಂಕಾರದಲ್ಲಿ ಅನುಭವದ ಆಳವಿತ್ತು.

ಇಷ್ಟು ವಿನಯಶೀಲನಾದ ಶಿಷ್ಯ ತನಗೆ ಒದಗಿದನಲ್ಲ ಎಂದು ದೀಪಣ್ಣನ ಕಣ್ಣು ಒದ್ದೆಯಾಯಿತು. ಸಣ್ಣ ಉರಿ ಅಲುಗದೆ ನಿಂತಿತು, ದೊಡ್ಡದು ಹೊತ್ತಿತು, ಬ್ಲೋವರ್ ಸುಮ್ಮನಾಯಿತು. “ಇನ್ನು ಯಂತ್ರ ನಿಂದು ಕಣಪ್ಪ. ಒಪ್ಕೊಂಡ್ಯಾ?”

“ಹೂಂ.”

ಚೀಲ ಹೆಗಲಿಗೇರಿಸಿ ಗೇಟಿಗೆ ಓಡಿದಾಗ ದೂಳು ಮಾತ್ರ ಉಳಿದಿತ್ತು, ವ್ಯಾನು ಹೋಗಿತ್ತು.

“ಡ್ರೈವರ್ ನನ್ನ ಬಿಟ್ಟು ಹೋದನಾ? ಹೊಸಬನಿಗೆ ಎಲ್ಲಾ ಒಪ್ಪಿಸಿ ಬಂದಿದೀನಲ್ಲ,” ಎಂದ ದೀಪಣ್ಣ.

“ಯಾವ ಹೊಸಬ?” ಎಂದ ಕಾವಲುಗಾರ. “ವ್ಯಾನಲ್ಲಿ ಬಂದದ್ದು ನೀರಿನ ಪೀಪಾಯಿ ಮಾತ್ರ. ಬದಲಿ ಸಿಗೋವರೆಗೂ ನಿನ್ನ ಹತ್ತಿಸ್ಕೋಬಾರದು ಅಂತ ಡ್ರೈವರಿಗೆ ಹುಕುಂ ಆಗಿದೆ.”

ಪೀಪಾಯಿಯ ಪಕ್ಕ ನಿಂತಿದ್ದ ಅಡುಗೆಯವ ನೆಲ ನೋಡಿದ. “ಆ ಹುಡುಗ ನಿನ್ನೆ ಫೋನ್ ಮಾಡಿ ಜಾಗ ಹೇಗಿದೆ ಅಂತ ಕೇಳ್ದ. ಕೊಳವೆ ಮನುಷ್ಯರ ಹಾಗೆ ಮಾತಾಡತ್ತೆ ಅಂತ ತಮಾಷೆಗೆ ಅಂದೆ. ಅರ್ಧ ದಾರೀಲೇ ಇಳಿದುಹೋದನಂತೆ, ಈಗ ಡ್ರೈವರ್ ಹೇಳ್ದ.”

“ಹಾಗಾದ್ರೆ ಆ ಕಡೆಯಿಂದ ಇಣುಕಿದ್ದು?”

ಕಾವಲುಗಾರ ಸೊಂಟ ಮುಟ್ಟಿ ನೋಡಿಕೊಂಡ. “ಆ ಕಡೆ ಬೇಲಿಯ ಬೀಗದ ಕೈ ಇಲ್ಲೇ ಇದೆ.”

ಒಲೆಯ ಮೇಲೆ ಏನೋ ಸೀಯುತ್ತಿದೆಯೆಂದು ಅಡುಗೆಯವ ಹೊರಟ. ಗೇಟು ಬಿಟ್ಟು ಕದಲಬಾರದೆಂಬ ನಿಯಮ ಕಾವಲುಗಾರನಿಗೂ ಆಗ ನೆನಪಾಯಿತು.

ಉರಿಯುವ ಯಂತ್ರವನ್ನು ಒಂಟಿಯಾಗಿ ಬಿಡುವಂತಿಲ್ಲ. ದೀಪಣ್ಣ ಬೂಟೆಳೆಯುತ್ತ ಹಿಂದಿರುಗಿದ. ಗಾಜಿನ ತುಂಬ ಜ್ವಾಲೆಯೇ ಇತ್ತು. ಅದರಾಚೆ ಏನಿದೆಯೆಂದು ತಿಳಿಯುವಂತಿರಲಿಲ್ಲ. ಚೀಲವನ್ನು ಇನ್ನೂ ಕೆಳಗಿಡದೆ, ಮೇಲಧಿಕಾರಿಯ ಮುಂದೆ ರಜೆ ಬೇಡುವವನಂತೆ ಮೆಲ್ಲಗೆ ಕೇಳಿದ:

“ಒಪ್ಕೊಂಡಿದೀಯಲ್ಲ... ಮಗು ಕಾಯ್ತಿದೆ. ನಾನು ಹೊರಡ್ಲಾ?”

ಕೊಳವೆ ಸ್ವಲ್ಪ ಹೊತ್ತು ಯೋಚಿಸಿತು.

“ಊಹೂಂ,” ಎಂದಿತು.